ಮನೆ ವರ್ಕ್‌ಶಾಪಿನ ಕಂಪ್ರೆಸರ್ ಕೈಕೊಟ್ಟಿದೆ: ರಿಪೇರಿ ಮಾಡಿಸೋದಾ, ಹೊಸದು ತರೋದಾ?

ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಮೂರ್ನಾಲ್ಕು ಸೆಕೆಂಡಿಗೆ ಎಂಸಿಬಿ ಬೀಳುತ್ತದೆ. ಮನೆಯೊಳಗಿಂದ "ಕರೆಂಟ್ ತೆಗೆದ್ರಾ?" ಅಂತ ಕೂಗು ಬರುತ್ತದೆ. 50 ಲೀಟರ್ ಟ್ಯಾಂಕಿನ ನನ್ನ 2 ಎಚ್‌ಪಿ ಕಂಪ್ರೆಸರ್ ಮೊದಲ ಸಲ ಹೀಗೆ ಮುನಿಸಿಕೊಂಡಿದ್ದು ಜುಲೈ ತಿಂಗಳ ಜಡಿಮಳೆಯ ಒಂದು ಸಂಜೆ.

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ಹಳ್ಳಿ ನಮ್ಮದು. ದನ ಸಾಕುವುದು ನಿಂತ ಮೇಲೆ ಹಳೇ ಕೊಟ್ಟಿಗೆಯನ್ನೇ ವರ್ಕ್‌ಶಾಪ್ ಮಾಡಿಕೊಂಡಿದ್ದೇನೆ. ಸ್ವಲ್ಪ ಮರಗೆಲಸ, ಪಾಲಿಶ್ ಹೊಡೆಯುವುದು, ಕಳೆ ಕೊಚ್ಚುವ ಮೆಷಿನ್ ಕ್ಲೀನ್ ಮಾಡುವುದು, ಅಕ್ಕಪಕ್ಕದವರ ಬೈಕಿಗೆ ಗಾಳಿ. ಎಲ್ಲದಕ್ಕೂ ಈ ಒಂದೇ ಮೆಷಿನ್. ಪೇಟೆಯ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಒಮ್ಮೆ ಸ್ವಿಚ್ ಹಾಕಿ, ಸದ್ದು ಕೇಳಿ, "ಮೋಟಾರ್ ಸುಟ್ಟಿದೆ, ಹೊಸದು ತಗೊಳ್ಳೋದೇ ಒಳ್ಳೇದು" ಅಂದರು. ವಾಪಸ್ ಬರುವಾಗ ದಾರಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಸುಮ್ನೆ ತೋರಿಸಿದೆ. "ಮೋಟಾರಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ" ಅಂದು, ಮೋಟಾರ್ ಏಳಲು ನೂಕು ಕೊಡುವ ಕೆಪಾಸಿಟರ್ ಬದಲಿಸಿಕೊಟ್ಟರು. 220 ರೂಪಾಯಿ.

ಅದೇ ಮೆಷಿನನ್ನು ನಾಲ್ಕು ವರ್ಷ ಕಳೆದ ಮೇಲೆ ನಾನೇ ಗುಜರಿಗೆ ಹಾಕಿದೆ. ಹಾಕಿದ ದಿನವೂ ಮೋಟಾರ್ ಚೆನ್ನಾಗಿ ತಿರುಗುತ್ತಿತ್ತು, ಹೆಡ್ ಗಾಳಿ ಕೊಡುತ್ತಿತ್ತು. ಅಂದರೆ ಓಡದ ಮೆಷಿನ್ ಉಳಿಸಿಕೊಂಡೆ, ಓಡುವ ಮೆಷಿನ್ ಬಿಸಾಕಿದೆ. ಎರಡೂ ಸರಿಯಾದ ತೀರ್ಮಾನವೇ. ಏಕೆ ಅಂತ ಕೆಳಗೆ ಹೇಳುತ್ತೇನೆ.

ಒಂದು ಕಂಪ್ರೆಸರ್ ಅಂದರೆ ಮೂರು ಮೆಷಿನ್

ಕೆಂಪು ಬಣ್ಣದ ಒಂದೇ ವಸ್ತುವಿನ ಹಾಗೆ ಕಂಡರೂ ಅದರಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಗಾಳಿ ತುಂಬಿಡುವ ಟ್ಯಾಂಕ್. ಗಾಳಿ ಒತ್ತುವ ಹೆಡ್, ಅಂದರೆ ಪಿಸ್ಟನ್, ಸಿಲಿಂಡರ್, ವಾಲ್ವ್ ಪ್ಲೇಟ್ ಇರುವ ಭಾಗ. ಅದನ್ನು ತಿರುಗಿಸುವ ಮೋಟಾರ್. ಇವುಗಳ ನಡುವೆ ಒತ್ತಡ ನೋಡಿ ಮೋಟಾರ್ ಆನ್ ಆಫ್ ಮಾಡುವ ಪ್ರೆಶರ್ ಸ್ವಿಚ್, ಟ್ಯಾಂಕಿನ ಗಾಳಿ ವಾಪಸ್ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಸೇಫ್ಟಿ ವಾಲ್ವ್, ಗೇಜ್, ರೆಗ್ಯುಲೇಟರ್ ಅಂತ ಚಿಲ್ಲರೆ ಸಾಮಾನು.

ಚಿಲ್ಲರೆ ಸಾಮಾನು ಹೋದರೆ ಯಾವತ್ತೂ ರಿಪೇರಿಯೇ. ಅದರಲ್ಲಿ ಯೋಚನೆ ಮಾಡುವುದೇ ಬೇಡ. ಹೆಡ್ ಅಥವಾ ಮೋಟಾರ್ ಹೋದರೆ ಲೆಕ್ಕ ಹಾಕಬೇಕು. ಟ್ಯಾಂಕ್ ಹೋದರೆ ಲೆಕ್ಕವೇ ಇಲ್ಲ, ಆ ಟ್ಯಾಂಕ್ ಮುಗಿಯಿತು. ಹಾಗಾಗಿ ಪರೀಕ್ಷೆ ಟ್ಯಾಂಕ್‌ನಿಂದ ಶುರುವಾಗಬೇಕು. ಹೆಚ್ಚಿನವರು ಸದ್ದು ಮಾಡುವ ಭಾಗದಿಂದ ಶುರು ಮಾಡುತ್ತಾರೆ, ನಾನೂ ಮಾಡಿದ್ದೆ. ಮೋಟಾರಿಗೆ ಎರಡು ಸಾವಿರ ಸುರಿದು ತಿಂಗಳಾದ ಮೇಲೆ ಟ್ಯಾಂಕ್ ತಳ ತೂತಾಗಿದ್ದು ಕಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಕೈ ಹಾಕುವ ಮುಂಚೆ

ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ರೆಶರ್ ಸ್ವಿಚ್ ತಾನಾಗಿ ಮೋಟಾರ್ ಓಡಿಸಬಲ್ಲದು. ಆಮೇಲೆ ಟ್ಯಾಂಕಿನ ಕೆಳಗಿನ ಡ್ರೈನ್ ಕಾಕ್, ಅಂದರೆ ನೀರು ಬಿಡುವ ತಿರುಪು, ಬಿಚ್ಚಿ ಗಾಳಿಯನ್ನೆಲ್ಲ ಬಿಡಿ. ಗೇಜ್ ಸೊನ್ನೆ ತೋರಿಸಿತು ಅಂತ ನಂಬಬೇಡಿ, ಹಳೇ ಗೇಜಿನ ಮುಳ್ಳು ಸಿಕ್ಕಿಕೊಳ್ಳುವುದು ಮಾಮೂಲು. ಸೇಫ್ಟಿ ವಾಲ್ವಿನ ರಿಂಗ್ ಎಳೆದು ನೋಡಿ. ಒಂದಿಷ್ಟೂ ಉಸಿರು ಬರದಿದ್ದರೆ ಮಾತ್ರ ಸ್ಪ್ಯಾನರ್ ಹಿಡಿಯಿರಿ.

ಕೆಪಾಸಿಟರ್ ಮುಟ್ಟುವ ಮುಂಚೆ ಅದರಲ್ಲಿ ಉಳಿದ ಕರೆಂಟ್ ಇಳಿಸಬೇಕು. ಹೋಲ್ಡರಿಗೆ ಹಾಕಿದ ಹಳೇ ಕಾಲದ ತಂತಿ ಬಲ್ಬಿನ ಎರಡು ವೈರನ್ನು ಕೆಪಾಸಿಟರಿನ ಎರಡು ಕಾಲಿಗೆ ಮುಟ್ಟಿಸಿದರೆ ಆಯಿತು. ವೈರಿನ ತುದಿ ಕೈಗೆ ತಾಗದಂತೆ ಹಿಡಿಯಿರಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವವರನ್ನು ನೋಡಿದ್ದೇನೆ, ಅದು ಬೇಡ.

ಮೊದಲ ಹೆಜ್ಜೆ: ಟ್ಯಾಂಕ್

ಟ್ಯಾಂಕ್ ಒಳಗಿಂದ ಕೊಳೆಯುತ್ತದೆ. ಹೊರಗಿನ ಬಣ್ಣ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಕಾರಣ ನೀರು. ನಮ್ಮ ಕಡೆ ಮಳೆಗಾಲದಲ್ಲಿ ಗಾಳಿಯೇ ಒದ್ದೆ. 30 ಡಿಗ್ರಿ ಸೆಕೆ, 80 ಶೇಕಡಾ ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಕೂತಿರುತ್ತದೆ. ಆ ಗಾಳಿಯನ್ನು ಒಂಬತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಅಷ್ಟು ಆವಿಗೆ ಜಾಗ ಸಾಲುವುದಿಲ್ಲ, ತಣ್ಣಗಾದಂತೆ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ನಿಮಿಷಕ್ಕೆ 100 ಲೀಟರ್ ಗಾಳಿ ಎಳೆಯುವ ಸಣ್ಣ ಮೆಷಿನ್ ಒಂದು ಗಂಟೆ ಪೂರ್ತಿ ಓಡಿದರೆ 100 ಮಿಲಿಲೀಟರಿಗೂ ಜಾಸ್ತಿ ನೀರು, ಅಂದರೆ ಹತ್ತಿರ ಹತ್ತಿರ ಅರ್ಧ ಲೋಟ. ಡ್ರೈನ್ ಬಿಚ್ಚದೆ ಒಂದು ಮಳೆಗಾಲ ಕಳೆದರೆ ಏನಾಗಬಹುದು ಅಂತ ನೀವೇ ಅಂದಾಜು ಮಾಡಿ. ಮಂಗಳೂರು, ಕುಂದಾಪುರ, ಕಾರವಾರ ಕಡೆಯವರಿಗೆ ಇದು ವರ್ಷದ ಬಹುಪಾಲು ದಿನಗಳ ಕಥೆ. ಚಿತ್ರದುರ್ಗ, ಬಳ್ಳಾರಿ ಕಡೆ ಒಣ ಹವೆಯಲ್ಲಿ ಅದೇ ಟ್ಯಾಂಕ್ ಹೆಚ್ಚು ಬಾಳುತ್ತದೆ.

ತುಕ್ಕು ಹಿಡಿದರೇನು, ತೂತಾದರೆ ಗಾಳಿ ಸೋರುತ್ತದೆ, ಅಷ್ಟೇ ಅಲ್ವಾ ಅನ್ನಬಹುದು. ಅದೃಷ್ಟ ಇದ್ದರೆ ಅಷ್ಟೇ. ಇಲ್ಲದಿದ್ದರೆ ತೆಳ್ಳಗಾದ ಜಾಗ ಉದ್ದಕ್ಕೆ ಸೀಳುತ್ತದೆ. 50 ಲೀಟರ್ ಟ್ಯಾಂಕಿನಲ್ಲಿ 8 ಬಾರ್ (ಒತ್ತಡದ ಅಳತೆ) ಗಾಳಿ ಇದ್ದರೆ ಅದರಲ್ಲಿರುವ ಶಕ್ತಿ ಸುಮಾರು 50 ಕಿಲೋಜೂಲ್. 50 ಕೆಜಿ ಅಕ್ಕಿ ಮೂಟೆಯನ್ನು 100 ಮೀಟರ್ ಎತ್ತರಕ್ಕೆ ಎತ್ತಲು ಬೇಕಾದಷ್ಟು. ಅದೆಲ್ಲ ಒಂದೇ ಕ್ಷಣಕ್ಕೆ ಹೊರಗೆ ಬಂದರೆ ಪಕ್ಕದಲ್ಲಿ ನಿಂತವರ ಗತಿ ಏನು?

ಈಗ ನೋಡುವ ಬಗೆ. ಖಾಲಿ ಮಾಡಿದ ಟ್ಯಾಂಕನ್ನು ಒಂದು ಕಡೆ ವಾಲಿಸಿ, ಡ್ರೈನ್‌ನಿಂದ ಬರುವ ನೀರನ್ನು ಬಿಳಿ ಬಟ್ಟಲಲ್ಲಿ ಹಿಡಿಯಿರಿ. ಚಹಾ ಬಣ್ಣದ ನೀರು ಬಂದರೆ ಗಾಬರಿ ಬೇಡ, ಎಲ್ಲ ಹಳೇ ಟ್ಯಾಂಕಿನಲ್ಲೂ ಅಷ್ಟು ಬರುತ್ತದೆ. ತುಕ್ಕಿನ ಚಕ್ಕೆಗಳು ಬಂದರೆ ಅದು ಕೆಟ್ಟ ಸೂಚನೆ. ಚಕ್ಕೆ ಅಂದರೆ ತಗಡು ಪದರು ಪದರಾಗಿ ಬಿಡುತ್ತಿದೆ ಅಂತ ಅರ್ಥ.

ಆಮೇಲೆ ಡ್ರೈನ್ ಕಾಕ್ ಪೂರ್ತಿ ಬಿಚ್ಚಿ. ಅದರ ತೂತಿನಿಂದಲೋ ಮೇಲಿನ ಬೇರೆ ಪ್ಲಗ್ ತೆಗೆದ ತೂತಿನಿಂದಲೋ ಒಳಗೆ ನೋಡಬೇಕು. ಮೊಬೈಲಿಗೆ ಚುಚ್ಚುವ ಸಣ್ಣ ಕೇಬಲ್ ಕ್ಯಾಮೆರಾ ಆನ್‌ಲೈನಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ, ಊರಿನ ಯಾವುದಾದರೂ ಗ್ಯಾರೇಜಿನಲ್ಲಿ ಇದ್ದರೂ ಇರಬಹುದು. ಒಳಗೆ ಸಮನಾಗಿ ಹರಡಿದ ತೆಳು ಕಂದು ಬಣ್ಣ ಇದ್ದರೆ ನಡೆಯುತ್ತದೆ. ತಳದ ಗೆರೆಯ ಉದ್ದಕ್ಕೂ ಗುಳಿ ಗುಳಿಯಾಗಿ ತಿಂದಿದ್ದರೆ ನಡೆಯುವುದಿಲ್ಲ.

ಹೊರಗಿನಿಂದ ಸುತ್ತಿಗೆಯ ಹಿಡಿಯಲ್ಲಿ ಮೆಲ್ಲಗೆ ತಟ್ಟುತ್ತ ಬನ್ನಿ. ಬದಿಯಲ್ಲಿ ಠಣ್ ಅನ್ನುವ ಟ್ಯಾಂಕ್ ತಳದಲ್ಲಿ ದಬ್ ಅಂದರೆ ಅನುಮಾನ ಪಡಿ. ಕಾಲು ಬೆಸುಗೆ ಹಾಕಿದ ಜಾಗ, ಚಕ್ರದ ಬ್ರಾಕೆಟ್ ಇರುವ ಜಾಗ, ಹೆಡ್ ಕೂರಿಸಿದ ಪಟ್ಟಿಯ ಅಂಚು, ಇಲ್ಲೆಲ್ಲ ಅದುರಿ ಅದುರಿ ಸಣ್ಣ ಬಿರುಕು ಬಿಡುವುದುಂಟು. ಬಣ್ಣ ಗೆರೆಯಾಗಿ ಒಡೆದಿದ್ದರೆ ಕೆರೆದು ನೋಡಿ.

ಇಷ್ಟರಲ್ಲಿ ಪಾಸಾದರೂ ಮನಸ್ಸಿಗೆ ಸಮಾಧಾನ ಆಗದಿದ್ದರೆ ನೀರಿನ ಪರೀಕ್ಷೆ ಇದೆ. ಗಾಳಿಯಿಂದಲ್ಲ, ನೀರಿನಿಂದ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಹಾಗಾಗಿ ಪರೀಕ್ಷೆಯ ನಡುವೆ ಟ್ಯಾಂಕ್ ಬಿರುಕು ಬಿಟ್ಟರೂ ಸಿಡಿಯುವುದಿಲ್ಲ, ಸ್ವಲ್ಪ ನೀರು ಚಿಮ್ಮಿ ಒತ್ತಡ ಇಳಿದುಬಿಡುತ್ತದೆ. ಟ್ಯಾಂಕಿಗೆ ಕಂಠಪೂರ್ತಿ ನೀರು ತುಂಬಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಂಡು, ಕೈಪಂಪಿನಿಂದ ಒತ್ತಡ ಏರಿಸಬೇಕು. ಪೈಪ್ ಲೈನ್ ಟೆಸ್ಟ್ ಮಾಡುವ ಇಂಥ ಪಂಪು ಪ್ಲಂಬಿಂಗ್ ಕಂಟ್ರಾಕ್ಟರುಗಳ ಹತ್ತಿರ ಇರುತ್ತದೆ. ಎಷ್ಟು ಬಾರ್ ಏರಿಸಬೇಕು ಅನ್ನುವುದು ಟ್ಯಾಂಕಿನ ತಗಡು ಪಟ್ಟಿಯ ಮೇಲೆ ಟೆಸ್ಟ್ ಪ್ರೆಶರ್ ಅಂತ ಬರೆದಿರುತ್ತದೆ. ಅದನ್ನು ಮೀರಬೇಡಿ. ಒಂದು ಮಾತು ನೆನಪಿರಲಿ: ಈ ಪರೀಕ್ಷೆ ಇವತ್ತಿನ ಸ್ಥಿತಿ ಹೇಳುತ್ತದೆ, ಮುಂದಿನ ಮಳೆಗಾಲದ್ದಲ್ಲ. ಗುಳಿ ಬಿದ್ದ ಟ್ಯಾಂಕ್ ಪಾಸಾದರೂ ನಾನು ಇಟ್ಟುಕೊಳ್ಳುವುದಿಲ್ಲ.

ಕಾರ್ಖಾನೆಗಳಲ್ಲಿ ಇಂಥ ಒತ್ತಡದ ಟ್ಯಾಂಕ್‌ಗಳ ಸುರಕ್ಷತೆಗೆ 1948ರ ಕಾರ್ಖಾನೆ ಕಾಯ್ದೆಯ 31ನೇ ಸೆಕ್ಷನ್ ಇತ್ತು, 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ನಮ್ಮ ಕೊಟ್ಟಿಗೆಗೆ ಯಾವ ಇನ್‌ಸ್ಪೆಕ್ಟರ್ ಬರುತ್ತಾರೆ? ನಾವೇ ಇನ್‌ಸ್ಪೆಕ್ಟರ್.

ತೂತಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. "ಒಂದು ಚುಕ್ಕಿ ಹಾಕಿದ್ರೆ ಆಯ್ತು" ಅನ್ನುವವರು ಪ್ರತಿ ಪೇಟೆಯಲ್ಲೂ ಸಿಗುತ್ತಾರೆ. ಒಂದು ಕಡೆ ತೂತಾಗಿದೆ ಅಂದರೆ ಅದರ ಸುತ್ತ ತಗಡು ಕಾಗದವಾಗಿದೆ. ಅದರ ಮೇಲೆ ಬೆಂಕಿ ಇಟ್ಟರೆ ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಎಂ-ಸೀಲ್ ಮೆತ್ತುವುದಂತೂ ಬೇಡವೇ ಬೇಡ. ನನ್ನ ಹಳೇ ಮೆಷಿನ್ ಹೋಗಿದ್ದು ಹೀಗೇ. ಡ್ರೈನ್ ಪಕ್ಕ ಸೂಜಿ ಮೊನೆಯಷ್ಟು ತೂತು, ಸೋಪಿನ ನೀರಿನಲ್ಲಿ ಸಣ್ಣ ಗುಳ್ಳೆ. ನಾಲ್ಕು ವರ್ಷದಲ್ಲಿ ನಾನು ಡ್ರೈನ್ ಬಿಚ್ಚಿದ್ದು ಬೆರಳೆಣಿಕೆಯಷ್ಟು ಸಲ.

ಟ್ಯಾಂಕ್ ಹೋಗಿ ಹೆಡ್ ಮತ್ತು ಮೋಟಾರ್ ಚೆನ್ನಾಗಿದ್ದರೆ ಹೊಸ ಟ್ಯಾಂಕಿಗೆ ಅವನ್ನು ವರ್ಗ ಮಾಡಬಹುದು. ಬೀಡಿನ (ಎರಕದ ಕಬ್ಬಿಣದ) ಹೆಡ್ ಇರುವ, ಬೆಲ್ಟ್ ಹಾಕಿದ ಗಟ್ಟಿ ಮೆಷಿನ್ ಆದರೆ ಇದು ಲಾಭ. ಬೆಲ್ಟ್ ಇಲ್ಲದೆ ಮೋಟಾರ್ ನೇರ ಹೆಡ್ಡಿಗೇ ಸೇರಿರುವ ಸಣ್ಣ ಡೈರೆಕ್ಟ್ ಮಾದರಿಗೆ ಟ್ಯಾಂಕಿನ ಬೆಲೆಯೇ ಮೆಷಿನ್ನಿನ ಅರ್ಧಕ್ಕಿಂತ ಜಾಸ್ತಿ ಆಗಿಬಿಡುತ್ತದೆ. ಟ್ಯಾಂಕ್ ತರುವುದಾದರೆ ಕಂಪ್ರೆಸರಿಗೆಂದೇ ಮಾಡಿ ಟೆಸ್ಟ್ ಮಾಡಿದ ಟ್ಯಾಂಕೇ ಆಗಬೇಕು. ಅಡುಗೆ ಗ್ಯಾಸಿನ ಸಿಲಿಂಡರನ್ನು ಗಾಳಿ ಟ್ಯಾಂಕ್ ಮಾಡುವ ವಿಡಿಯೋಗಳಿವೆ, ನೋಡಿ ನಕ್ಕು ಮುಂದೆ ಹೋಗಿ.

ಎರಡನೇ ಹೆಜ್ಜೆ: ತಿರುಗುತ್ತದೆಯಾ?

ಟ್ಯಾಂಕ್ ಪಾಸಾಯಿತು ಅಂದುಕೊಳ್ಳೋಣ. ಪ್ಲಗ್ ಕಿತ್ತಿರುವಾಗಲೇ ಮೋಟಾರಿನ ಹಿಂದಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಬೆಲ್ಟ್ ಮಾದರಿ ಆದರೆ ಪುಲ್ಲಿ ತಿರುಗಿಸಿ. ಸ್ವಲ್ಪ ಬಿಗಿಯಾಗಿ, ಆದರೆ ಪೂರ್ತಿ ಸುತ್ತಬೇಕು. ಸುತ್ತದೇ ಇದ್ದರೆ ಹೆಡ್ ಜಾಮ್ ಆಗಿದೆ, ಹೆಚ್ಚಾಗಿ ಆಯಿಲ್ ಇಲ್ಲದೆ. ಡೈರೆಕ್ಟ್ ಮಾದರಿಯಲ್ಲಿ ಪಿಸ್ಟನ್, ಕನೆಕ್ಟಿಂಗ್ ರಾಡ್, ಸಿಲಿಂಡರ್ ಮೂರೂ ತಿಂದುಹೋಗಿದ್ದರೆ ನಾನು ಅಲ್ಲಿಗೇ ಕೈ ಬಿಡುತ್ತೇನೆ.

ಸುತ್ತುತ್ತದೆ, ಆದರೆ ಕರೆಂಟ್ ಕೊಟ್ಟರೆ ಗುಂಯ್ ಅನ್ನುತ್ತದೆ ಅಂದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಮೈಕ್ರೋಫ್ಯಾರಡ್ ತೋರಿಸುವ ಮಲ್ಟಿಮೀಟರ್ ಇದ್ದರೆ ಅಳೆಯಿರಿ. ಮೋಟಾರಿನ ರನ್ ಕೆಪಾಸಿಟರ್ ಮೇಲೆ 50 ಅಂತ ಬರೆದಿದ್ದು ಮೀಟರ್ 45ಕ್ಕಿಂತ ಕಮ್ಮಿ ತೋರಿಸಿದರೆ ಬದಲಿಸಿ. ಹೊಟ್ಟೆ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ಅಳೆಯುವುದೂ ಬೇಡ. ಹೊಸದು ಅದೇ ಮೈಕ್ರೋಫ್ಯಾರಡ್, ಅದಕ್ಕಿಂತ ಕಮ್ಮಿ ಇಲ್ಲದ ವೋಲ್ಟೇಜಿನದು ಇರಬೇಕು.

ಇಲ್ಲೊಂದು ಪಾಠ ನನಗೆ ಆಯಿತು. ಆ 220 ರೂಪಾಯಿಯ ಕೆಪಾಸಿಟರ್ ಮೂರೇ ವಾರಕ್ಕೆ ಮತ್ತೆ ಸತ್ತಿತು. ಎರಡನೇ ಸಲ ಆ ವೈಂಡಿಂಗಿನವರು ಕೇಳಿದ ಪ್ರಶ್ನೆಯೇ ಬೇರೆ: "ಮೆಷಿನ್ ನಿಂತಾಗ ಟುಸ್ ಅಂತದಾ?" ಕಂಪ್ರೆಸರ್ ಭರ್ತಿಯಾಗಿ ನಿಂತ ಕೂಡಲೇ ಪ್ರೆಶರ್ ಸ್ವಿಚ್ ಹತ್ತಿರ ಟುಸ್ ಅಂತ ಒಂದೆರಡು ಸೆಕೆಂಡ್ ಗಾಳಿ ಬಿಡಬೇಕು. ಹೆಡ್ ಮೇಲೆ ಉಳಿದ ಒತ್ತಡ ಹೊರಗೆ ಹೋಗುವ ಸದ್ದು ಅದು. ಟುಸ್ ಇಲ್ಲದಿದ್ದರೆ ಮುಂದಿನ ಸಲ ಮೋಟಾರ್ ಶುರುವಿನಲ್ಲೇ ಹೊರೆ ಹೊತ್ತು ಏಳಬೇಕು. ಟುಸ್ ನಿಲ್ಲದೆ ಮುಂದುವರಿದರೂ ಅದೇ ಕಥೆ: ನಾನ್ ರಿಟರ್ನ್ ವಾಲ್ವ್ ಸೋರಿ ಟ್ಯಾಂಕಿನ ಗಾಳಿ ವಾಪಸ್ ಹೆಡ್ ಕಡೆ ಬರುತ್ತಿದೆ. ನನ್ನದು ಎರಡನೆಯದು. ಕೆಪಾಸಿಟರ್ ಪಾಪ, ಬೇರೆಯವರ ತಪ್ಪಿಗೆ ಜೀವ ಬಿಟ್ಟಿತ್ತು. ಆದ್ದರಿಂದ ಯಾವ ಪಾರ್ಟ್ ಹೋದರೂ, ಏಕೆ ಹೋಯಿತು ಅಂತ ಒಮ್ಮೆ ಕೇಳಿಕೊಂಡೇ ಹೊಸದು ಹಾಕಿ.

ವೋಲ್ಟೇಜ್ ಕೂಡ ನೋಡಿ. ಮೋಟಾರ್ ಏಳುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 180 ಇದ್ದರೆ ಬಲ 60 ಶೇಕಡಾ ಮಾತ್ರ. ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿಗೆ 180 ಹೊಸ ವಿಷಯವಲ್ಲ. ಅದರ ಮೇಲೆ ಎಕ್ಸ್‌ಟೆನ್ಶನ್ ಬೋರ್ಡ್. ಒಂದು ಚದರ ಮಿಲಿಮೀಟರಿನ ತೆಳು ವೈರ್ 20 ಮೀಟರ್ ಎಳೆದಿದ್ದರೆ, ಮೋಟಾರ್ ಏಳುವಾಗ 50 ಆಂಪಿಯರ್ ಎಳೆಯುವ ಕ್ಷಣದಲ್ಲಿ ಸುಮಾರು 35 ವೋಲ್ಟ್ ವೈರಿನಲ್ಲೇ ಕರಗುತ್ತದೆ. ಕಂಪ್ರೆಸರನ್ನು 16 ಆಂಪಿಯರ್ ಪಾಯಿಂಟ್ ಪಕ್ಕದಲ್ಲೇ ಇಟ್ಟು ಗಾಳಿಯ ಪೈಪ್ ಉದ್ದ ಮಾಡಿಕೊಳ್ಳಿ. ಎಷ್ಟೋ "ಸುಟ್ಟ ಮೋಟಾರು"ಗಳು ಇಷ್ಟಕ್ಕೇ ಸರಿಹೋಗುತ್ತವೆ. ಗಾಳಿಗೆ ಪಿವಿಸಿ ನೀರಿನ ಪೈಪ್ ಮಾತ್ರ ಹಾಕಬೇಡಿ, ಅದು ಒಡೆದರೆ ಚೂರಾಗಿ ಸಿಡಿಯುತ್ತದೆ. ರಬ್ಬರ್ ಅಥವಾ ಪಿಯು (ಪಾಲಿಯುರೆಥೇನ್) ಹೋಸ್ ಹಾಕಿ.

ನಿಜವಾಗಿಯೂ ವೈಂಡಿಂಗ್ ಸುಟ್ಟಿದ್ದರೆ ಮೂಗಿಗೇ ಗೊತ್ತಾಗುತ್ತದೆ. ಮುಚ್ಚಳ ತೆಗೆದರೆ ಕಪ್ಪಾದ ತಂತಿ, ಸುಟ್ಟ ವಾರ್ನಿಶ್ ವಾಸನೆ. ಆಗ ಎರಡು ಪ್ರಶ್ನೆ. ಬೆಲ್ಟ್ ಮಾದರಿಯಾ? ಹಾಗಿದ್ದರೆ ಮೋಟಾರ್ ಬೇರೆಯೇ ವಸ್ತು, ರಿವೈಂಡಿಂಗ್ ಮಾಡಿಸಿ ಅಥವಾ ಅಷ್ಟೇ ಎಚ್‌ಪಿಯ, ಅಷ್ಟೇ ಸ್ಪೀಡಿನ ಬೇರೆ ಮೋಟಾರ್ ಕೂರಿಸಿ. ಡೈರೆಕ್ಟ್ ಮಾದರಿಯಾ? ಅಲ್ಲಿ ಮೋಟಾರಿನ ಶಾಫ್ಟೇ ಹೆಡ್ ಒಳಗೆ ಹೋಗಿರುತ್ತದೆ. ಬಿಚ್ಚುವ ಕೂಲಿ, ತಾಮ್ರ, ಮತ್ತೆ ಜೋಡಿಸುವ ಕೂಲಿ ಸೇರಿ ನನಗೆ ಒಮ್ಮೆ 2,800 ರೂಪಾಯಿ ಹೇಳಿದ್ದರು.

ಮೂರನೇ ಹೆಜ್ಜೆ: ಸೋರಿಕೆ

ಇದು ಅತಿ ಸುಲಭ, ಅತಿ ಅಗ್ಗ. ಟ್ಯಾಂಕ್ ತುಂಬಿಸಿ, ಪ್ಲಗ್ ಕಿತ್ತು, ಹತ್ತು ನಿಮಿಷ ಬಿಡಿ. ಬಿಸಿ ಗಾಳಿ ತಣ್ಣಗಾಗುವಾಗ ಒತ್ತಡ ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಅದನ್ನು ಸೋರಿಕೆ ಅಂದುಕೊಳ್ಳಬಾರದು. ಆಮೇಲೆ ಗೇಜ್ ಎಷ್ಟಿದೆ ಬರೆದಿಟ್ಟು ಒಂದು ಗಂಟೆ ಬಿಟ್ಟು ನೋಡಿ. ಅರ್ಧ ಬಾರ್‌ಗಿಂತ ಕಮ್ಮಿ ಇಳಿದಿದ್ದರೆ ಮನೆ ಕೆಲಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಅದಕ್ಕಿಂತ ಜಾಸ್ತಿ ಇಳಿದರೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಶ್ಶಿನಲ್ಲಿ ಹಚ್ಚುತ್ತ ಬನ್ನಿ. ಕೀಲುಗಳಲ್ಲಿ ಗುಳ್ಳೆ ಬಂದರೆ ಗಾಳಿ ಬಿಟ್ಟು, ಬಿಚ್ಚಿ, ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿ. ರೆಗ್ಯುಲೇಟರಿನ ಹಿಡಿ ಕೆಳಗೆ ಬಂದರೆ ಒಳಗಿನ ರಬ್ಬರ್ ಹರಿದಿದೆ, ರೆಗ್ಯುಲೇಟರನ್ನೇ ಬದಲಿಸಿ. ಪ್ರೆಶರ್ ಸ್ವಿಚ್ ಕೆಳಗಿನ ಸಣ್ಣ ಕಡ್ಡಿಯ ಹತ್ತಿರ ಸಿಳ್ಳೆ ಬರುತ್ತಿದ್ದರೆ ಆಗಲೇ ಹೇಳಿದ ನಾನ್ ರಿಟರ್ನ್ ವಾಲ್ವ್. ಹೆಡ್‌ನಿಂದ ಬರುವ ಪೈಪ್ ಟ್ಯಾಂಕಿಗೆ ಸೇರುವಲ್ಲಿ ಅದು ಇರುತ್ತದೆ. ಟ್ಯಾಂಕ್ ಖಾಲಿ ಮಾಡಿ ಬಿಚ್ಚಿದರೆ ಒಳಗೆ ಒಂದು ಸ್ಪ್ರಿಂಗ್, ಒಂದು ರಬ್ಬರ್ ಬಿಲ್ಲೆ. ಮಸಿ ಕೂತಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಹಾಕಿ. ಬಿಲ್ಲೆ ಸವೆದಿದ್ದರೆ ಹೊಸ ವಾಲ್ವ್ ಹಾಕಿ. ನನಗೆ ಶಿವಮೊಗ್ಗದಲ್ಲಿ 280 ರೂಪಾಯಿಗೆ ಸಿಕ್ಕಿತು.

ಗುಳ್ಳೆ ಟ್ಯಾಂಕಿನ ಮೈಯಲ್ಲೇ ಬಂದರೆ ಮತ್ತೆ ಮೊದಲ ಹೆಜ್ಜೆಗೆ ಹೋಗಿ. ಏನು ಮಾಡಬೇಕು ಅಂತ ನಿಮಗೆ ಗೊತ್ತಿದೆ.

ನಾಲ್ಕನೇ ಹೆಜ್ಜೆ: ಗಡಿಯಾರ ಹಿಡಿದು ಕೂರಿ

ಹೆಡ್ ಎಷ್ಟು ಸವೆದಿದೆ ಅನ್ನುವುದನ್ನು ಸದ್ದು ಕೇಳಿ ಹೇಳುವುದು ಕಷ್ಟ. ಸಮಯ ನೋಡಿ ಹೇಳಬಹುದು. ಖಾಲಿ ಟ್ಯಾಂಕ್ 8 ಬಾರ್ ತುಂಬಲು ಎಷ್ಟು ನಿಮಿಷ ಬೇಕು ನೋಡಿ. ಟ್ಯಾಂಕಿನ ಲೀಟರನ್ನು ಬಾರ್‌ನಿಂದ ಗುಣಿಸಿ, ನಿಮಿಷದಿಂದ ಭಾಗಿಸಿ. ಅದು ನಿಮ್ಮ ಮೆಷಿನ್ ನಿಮಿಷಕ್ಕೆ ನಿಜವಾಗಿ ಕೊಡುವ ಗಾಳಿ. 50 ಲೀಟರ್, 8 ಬಾರ್ ಅಂದರೆ 400 ಲೀಟರ್. ನನ್ನದು ಹೊಸದಿದ್ದಾಗ ಮೂರೂವರೆ ನಿಮಿಷ ತಗೊಳ್ಳುತ್ತಿತ್ತು, ಅಂದರೆ ನಿಮಿಷಕ್ಕೆ 114 ಲೀಟರ್. ಮೂರನೇ ವರ್ಷ ಏಳು ನಿಮಿಷ ಆಯಿತು. ಗಾಳಿ ಅರ್ಧಕ್ಕೆ ಇಳಿದಿತ್ತು.

ಹೊಸ ಮೆಷಿನ್ ತಂದ ದಿನವೇ ಈ ಸಮಯ ನೋಡಿ ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಆಮೇಲೆ ಯಾರ ಮಾತೂ ಕೇಳಬೇಕಾಗಿಲ್ಲ.

ಸಮಯ ಹೆಚ್ಚಾದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ನಗಬೇಡಿ, ಮರದ ಪುಡಿ ತುಂಬಿದ ಫಿಲ್ಟರಿಗೆ ಹೊಸ ರಿಂಗ್ ಹಾಕಿಸಿದವರಿದ್ದಾರೆ. ಫಿಲ್ಟರ್ ಸರಿ ಇದ್ದರೆ, ಅದು ಕೂತಿದ್ದ ತೂತಿನ ಎದುರು ಅಂಗೈ ಹಿಡಿಯಿರಿ. ಗಾಳಿ ಒಳಗೆ ಎಳೆಯಬೇಕು. ಪುಸ್ ಪುಸ್ ಅಂತ ಹೊರಗೂ ಊದುತ್ತಿದ್ದರೆ ವಾಲ್ವ್ ಪ್ಲೇಟಿನ ತೆಳು ಉಕ್ಕಿನ ಪಟ್ಟಿ ಮುರಿದಿದೆ ಅಥವಾ ಮಸಿ ಕೂತಿದೆ. ಹೆಡ್ಡಿನ ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಸಿಗುತ್ತದೆ, ಮನೆಯಲ್ಲೇ ಮಾಡುವ ಕೆಲಸ. ಗ್ಯಾಸ್ಕೆಟ್ ಹೊಸದೇ ಹಾಕಿ.

ಆಯಿಲ್ ಹಾಕುವ ಮುಚ್ಚಳದ ಉಸಿರು ತೂತಿನಿಂದ ಜೋರಾಗಿ ಗಾಳಿ ಬರುತ್ತಿದ್ದರೆ, ಗಾಳಿಯ ಜೊತೆ ಆಯಿಲ್ ಬಂದು ಪಾಲಿಶಿನ ಮೇಲೆ ಮೀನಿನ ಕಣ್ಣಿನಂಥ ಚುಕ್ಕೆ ಬೀಳುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಆಯಿಲ್ ಜಾಸ್ತಿ ತುಂಬಿದ್ದರೂ ಚುಕ್ಕೆ ಬೀಳುತ್ತದೆ, ಆದ್ದರಿಂದ ಮೊದಲು ಕಿಟಕಿ ಗಾಜಿನಲ್ಲಿ ಮಟ್ಟ ನೋಡಿ. ರಿಂಗ್ ತೆಗೆದಾಗ ಸಿಲಿಂಡರ್ ಒಳಗೆ ಉಗುರು ಎಳೆಯಿರಿ. ಉಗುರಿಗೆ ಗೆರೆ ಸಿಕ್ಕಿದರೆ ರಿಂಗ್ ಮಾತ್ರ ಹಾಕಿ ಪ್ರಯೋಜನ ಇಲ್ಲ, ಸಿಲಿಂಡರೂ ಬೇಕು.

ಪಾರ್ಟ್ ಹುಡುಕುವುದು ಇಲ್ಲಿ ನಿಜವಾದ ಕಷ್ಟ. ಸಣ್ಣ ಡೈರೆಕ್ಟ್ ಮಾದರಿಗಳ ಸ್ಟಿಕ್ಕರ್ ಬೇರೆ ಬೇರೆ, ಒಳಗಿನ ಸಾಮಾನು ಬಹುತೇಕ ಒಂದೇ ಅಚ್ಚಿನದು. ಕಂಪನಿ ಹೆಸರು ಹಿಡಿದು ಹೋದರೆ "ಇಲ್ಲ" ಅನ್ನುತ್ತಾರೆ. ಸಿಲಿಂಡರಿನ ಒಳ ಅಳತೆ ಹಿಡಿದು ಹೋಗಿ: 42, 47, 48 ಮಿಲಿಮೀಟರ್ ಹೀಗೆ. ಬೋಲ್ಟ್ ತೂತುಗಳ ನಡುವಿನ ದೂರವನ್ನೂ ಬರೆದುಕೊಳ್ಳಿ. ಹಳೇ ಪ್ಲೇಟನ್ನೇ ಚೀಲಕ್ಕೆ ಹಾಕಿಕೊಂಡು ಹೋದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ ಅವರ ಕೈಗೇ ಕೊಟ್ಟು ಕಳಿಸಿ. ಆಯಿಲ್ ಇಲ್ಲದೆ ಓಡುವ ಮಾದರಿಯಾದರೆ ಅದರ ಪಿಸ್ಟನ್ ಸುತ್ತ ಟೆಫ್ಲಾನ್ ಜಾತಿಯ ರಿಂಗ್ ಇರುತ್ತದೆ. ಅದು ಸವೆಯಲಿಕ್ಕೆಂದೇ ಹುಟ್ಟಿದ್ದು. ಕಿಟ್ ಸಿಕ್ಕಿದರೆ ಹಾಕಿ, ಸಿಗದಿದ್ದರೆ ಮೆಷಿನ್ ಆಯಸ್ಸು ಅಷ್ಟೇ.

ಈಗ ದುಡ್ಡಿನ ಮಾತು

ಟ್ಯಾಂಕ್ ಪಾಸಾಗಿ, ಏನು ಹೋಗಿದೆ ಅಂತ ಗೊತ್ತಾದ ಮೇಲೆ ಮಾತ್ರ ಈ ಲೆಕ್ಕ. ಪಾರ್ಟಿನ ಬೆಲೆ, ಕೂಲಿ, ಬಸ್ ಚಾರ್ಜು, ಕಳೆದುಹೋದ ದಿನ, ಎಲ್ಲ ಸೇರಿಸಿ. ಹೊಸ ಮೆಷಿನ್ನಿನ ಅರ್ಧ ಬೆಲೆ ದಾಟಿದರೆ ಹೊಸದು ಅನ್ನುವುದು ರೂಢಿಯ ಮಾತು. ನಾನು ಅದನ್ನು ಎರಡು ಕಡೆ ತಿದ್ದಿಕೊಂಡಿದ್ದೇನೆ.

ಅಲ್ಯೂಮಿನಿಯಂ ಹೆಡ್ಡಿನ ಸಣ್ಣ ಡೈರೆಕ್ಟ್ ಮಾದರಿಗೆ ಅರ್ಧ ಅಲ್ಲ, ಮೂರನೇ ಒಂದು. ಅದು ನಿಮಿಷಕ್ಕೆ 2,800 ಸುತ್ತಿನ ಆಸುಪಾಸಿನಲ್ಲಿ ಅಬ್ಬರಿಸುವ ಮೆಷಿನ್. ಒಂದು ಪಾರ್ಟ್ ಸವೆದಿದ್ದರೆ ಪಕ್ಕದ್ದೂ ಸವೆದಿರುತ್ತದೆ. 10,000 ರೂಪಾಯಿಯ ಮೆಷಿನಿಗೆ ಮೂರೂವರೆ ಸಾವಿರದ ರಿಪೇರಿ ಅಂದರೆ ನಾನು ಹಿಂದೆ ಸರಿಯುತ್ತೇನೆ. ಅದೇ ಬೀಡಿನ ಹೆಡ್ಡಿನ ಬೆಲ್ಟ್ ಮೆಷಿನ್ನಿನ ವಿಷಯ ಬೇರೆ. ಪಂಕ್ಚರ್ ಅಂಗಡಿಗಳಲ್ಲಿ, ಗ್ಯಾರೇಜುಗಳಲ್ಲಿ ಇಪ್ಪತ್ತು ವರ್ಷದಿಂದ ಟಕಟಕ ಅನ್ನುತ್ತಿರುವ ಮೆಷಿನ್‌ಗಳನ್ನು ನೋಡಿದ್ದೀರಲ್ಲ, ಕೊಯಮತ್ತೂರು ಕಡೆಯಿಂದ ಬಂದವು ಅದರಲ್ಲಿ ಬಹಳ. ನಿಧಾನ ತಿರುಗುತ್ತವೆ, ಪಾರ್ಟ್ ಸಿಗುತ್ತದೆ, ಲೇತಿನಲ್ಲಿ ಬೋರ್ ಮಾಡಿಸಬಹುದು. ಅದಕ್ಕೆ ಹೊಸದರ ಅರ್ಧ ಬೆಲೆ ಖರ್ಚಾದರೂ ರಿಪೇರಿ ಮಾಡಿಸಿ. ಟ್ಯಾಂಕ್ ಬದಲಿಸಬೇಕಾಗಿ ಬಂದರೂ ಮಾಡಿಸಿ.

"ಹೊಸದು ತಂದರೆ ಕರೆಂಟ್ ಉಳಿಯುತ್ತೆ" ಅನ್ನುವ ವಾದ ಮನೆಯ ಬಳಕೆಗೆ ಅಷ್ಟಾಗಿ ಹೊಂದುವುದಿಲ್ಲ. 2 ಎಚ್‌ಪಿ ಅಂದರೆ ಸುಮಾರು ಒಂದೂವರೆ ಕಿಲೋವ್ಯಾಟ್. ಸವೆದ ಹೆಡ್ಡಿನಿಂದ ವಾರಕ್ಕೆ ಎರಡು ಗಂಟೆ ಹೆಚ್ಚು ಓಡಿದರೂ ತಿಂಗಳಿಗೆ 12-13 ಯೂನಿಟ್. ಹಾಂ, ಗೃಹಜ್ಯೋತಿಯ 200 ಯೂನಿಟ್ ಅಂಚಿನಲ್ಲಿ ಓಲಾಡುವ ಮನೆಯಾದರೆ ಆ ಹನ್ನೆರಡು ಯೂನಿಟ್ ಪೂರ್ತಿ ಬಿಲ್ ತಂದಿಟ್ಟೀತು.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಮೆಷಿನ್ ಕೆಟ್ಟಿದೆಯೋ, ನಿಮ್ಮ ಕೆಲಸ ದೊಡ್ಡದಾಗಿದೆಯೋ? ಟಯರ್, ಮೊಳೆ ಹೊಡೆಯುವ ಗನ್, ಧೂಳು ಊದುವುದಕ್ಕೆ ಸಾಕಾಗುತ್ತಿದ್ದ ಮೆಷಿನ್ ಸ್ಪ್ರೇ ಗನ್ ತಂದ ಮೇಲೆ ಏದುಸಿರು ಬಿಡುತ್ತದೆ. ದೊಡ್ಡ ಗನ್ನುಗಳು ನಿಮಿಷಕ್ಕೆ 200 ಲೀಟರಿಗೂ ಹೆಚ್ಚು ಕೇಳುತ್ತವೆ. 114 ಲೀಟರ್ ಕೊಡುವ ಮೆಷಿನನ್ನು ಎಷ್ಟು ರಿಪೇರಿ ಮಾಡಿದರೂ ಅದು 114 ಲೀಟರೇ.

ಹೊಸದು ಅಂತ ತೀರ್ಮಾನ ಆದರೆ

ಎಚ್‌ಪಿ ನೋಡಬೇಡಿ, ಗಾಳಿ ನೋಡಿ. ಪೆಟ್ಟಿಗೆಯ ಮೇಲೆ ಬರೆದ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಹೆಚ್ಚಾಗಿ ಪಿಸ್ಟನ್ ಸುತ್ತುವ ಲೆಕ್ಕ, ಹೊರಗೆ ಬರುವ ಗಾಳಿಯದ್ದಲ್ಲ. ಒಂದು ಸಿಎಫ್‌ಎಂ ಅಂದರೆ 28 ಲೀಟರ್ ಚಿಲ್ಲರೆ. ನನ್ನ ಹಳೇ ಮೆಷಿನ್ ಮೇಲೆ 6 ಅಂತ ಇತ್ತು, ಅಂದರೆ 170 ಲೀಟರ್. ಬರುತ್ತಿದ್ದುದು 114, ಮೂರರಲ್ಲಿ ಎರಡು ಪಾಲು. ಅಂಗಡಿಯಲ್ಲೇ ಖಾಲಿ ಟ್ಯಾಂಕ್ ತುಂಬಿಸಿ ತೋರಿಸಿ ಅಂತ ಕೇಳಿ, ಮೊಬೈಲಿನಲ್ಲಿ ಸಮಯ ನೋಡಿ. ವಾಲ್ವ್ ಪ್ಲೇಟ್, ಗ್ಯಾಸ್ಕೆಟ್ ಈಗಲೇ ಕೊಡುತ್ತೀರಾ ಅಂತಲೂ ಕೇಳಿ. ಕೊಡುವ ಅಂಗಡಿಯಲ್ಲೇ ತಗೊಳ್ಳಿ, ಐನೂರು ಜಾಸ್ತಿಯಾದರೂ.

ಮನೆಗೆ ತಂದ ದಿನ ನಾನು ಮಾಡಿದ ಮೊದಲ ಕೆಲಸ, ಕೆಳಗಿನ ಡ್ರೈನ್ ಕಾಕ್ ಬಿಚ್ಚಿ ಒಂದು ಮೊಣಕೈ, ಒಂದು ಗೇಣು ಪೈಪ್, ಒಂದು ಬಾಲ್ ವಾಲ್ವ್ ಹಾಕಿ ಹೊರಕ್ಕೆ ತಂದಿದ್ದು. ಎಲ್ಲವೂ ಕಬ್ಬಿಣದ್ದು ಅಥವಾ ಹಿತ್ತಾಳೆಯದ್ದು. ನೆಲಕ್ಕೆ ಬಗ್ಗಿ ಕೈ ಮಸಿ ಮಾಡಿಕೊಳ್ಳಬೇಕು ಅಂದರೆ ಯಾರೂ ನೀರು ಬಿಡುವುದಿಲ್ಲ. ಹಿಡಿ ಕೈಗೆ ಸಿಗುವಂತಿದ್ದರೆ ದೀಪ ಆರಿಸಿ ಹೊರಡುವಾಗ ತಾನಾಗಿ ಕೈ ಹೋಗುತ್ತದೆ.

ಹಳೇದನ್ನು ಮನೆಯಿಂದ ಕಳಿಸುವ ಮುಂಚೆ

ಮೋಟಾರ್, ಪ್ರೆಶರ್ ಸ್ವಿಚ್, ಗೇಜ್, ರೆಗ್ಯುಲೇಟರ್, ಚಕ್ರ, ಎಲ್ಲ ಬಿಚ್ಚಿಕೊಳ್ಳಿ. ಸೇಫ್ಟಿ ವಾಲ್ವ್ ಮಾತ್ರ ಮತ್ತೆ ಬಳಸಬೇಡಿ, ಅದು ಹೊಸದೇ ಇರಲಿ.

ಟ್ಯಾಂಕನ್ನು ಹಾಗೇ ಗುಜರಿಗೆ ಕೊಡಬೇಡಿ. ನನ್ನದನ್ನು ನೋಡಿದ ಗುಜರಿಯವರು ಮೊದಲು ಕೇಳಿದ್ದೇ "ಗಾಳಿ ನಿಲ್ತದಾ?" ಅಂತ. ನಿಲ್ಲುತ್ತದೆ ಅಂದಿದ್ದರೆ ಅದು ಬಣ್ಣ ಬಳಿದುಕೊಂಡು ಇನ್ಯಾವುದೋ ಪಂಕ್ಚರ್ ಅಂಗಡಿಯಲ್ಲಿ ಕೂರುತ್ತಿತ್ತು. ಒಂದು ನಿಮಿಷ ಇರಿ ಅಂದು ಒಳಗೆ ಹೋಗಿ ಡ್ರಿಲ್ ತಂದೆ. 10 ಮಿಲಿಮೀಟರಿನ ಬಿಟ್ ಹಾಕಿ ಹೊಟ್ಟೆಗೆ ಮೂರು ತೂತು ಕೊರೆದೆ. ಬದಿಯ ಎರಡು ತೂತಿಗೆ ಡ್ರಿಲ್ ಮೇಲೆ ಭಾರ ಹಾಕಬೇಕಾಯಿತು. ತಳದ್ದಕ್ಕೆ ಬಿಟ್ ತಗುಲಿದ್ದೇ ತಡ, ಬಿಸ್ಕತ್ತಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು.